ಏಪ್ರನ್ ಗೂಟದಲ್ಲೇ ನೇತಾಡಿದರೆ ಏನು ಪ್ರಯೋಜನ? ಎಕ್ಸ್‌ರೇ ವಿಭಾಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವಿಜಯಪುರದಲ್ಲಿ ಎಕ್ಸ್‌ರೇ ಟೆಕ್ನಿಷಿಯನ್. ಡಾರ್ಕ್‌ರೂಮಿನಲ್ಲಿ ಫಿಲ್ಮ್ ತೊಳೆದು ಒಣಹಾಕುತ್ತಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿದವನು. ಈಗ ನಮ್ಮ ವಿಭಾಗದ ರೇಡಿಯೇಷನ್ ಸುರಕ್ಷತೆ ಅಧಿಕಾರಿ, ಅಂದರೆ ಆರ್‌ಎಸ್‌ಒ ಜವಾಬ್ದಾರಿಯೂ ನನ್ನ ಮೇಲಿದೆ. ಬೆಳಗಾವಿ, ಗೋಕಾಕ, ಬಾಗಲಕೋಟೆ, ಜಮಖಂಡಿ ಕಡೆಯ ಗೆಳೆಯರು ಫೋನ್ ಮಾಡುತ್ತಾರೆ. ಹೊಸದಾಗಿ ಸೇರಿದ ಹುಡುಗರು ಚಹಾ ಕುಡಿಯುವಾಗ ಕೇಳುತ್ತಾರೆ. ಓಟಿ, ಅಂದರೆ ಆಪರೇಷನ್ ಥಿಯೇಟರ್ ಸಿಸ್ಟರ್‌ಗಳು ವರಾಂಡದಲ್ಲಿ ನಿಲ್ಲಿಸಿ ಕೇಳುತ್ತಾರೆ. ಪ್ರಶ್ನೆಗಳು ಮಾತ್ರ ಹೆಚ್ಚೂಕಮ್ಮಿ ಇವೇ. ಒಂದು ಕಡೆ ಬರೆದಿಟ್ಟರೆ ನನ್ನ ಗಂಟಲಾದರೂ ಉಳಿಯುತ್ತದೆ ಅಂತ ಕೂತು ಬರೆದೆ.

ನಿಯಮ ಎಲ್ಲರಿಗೂ ಗೊತ್ತಿದೆ. ಆದರೂ ಯಾಕೆ ಪಾಲಿಸಲ್ಲ?

ಮೊದಲ ಕಾರಣ, ರೇಡಿಯೇಷನ್ ಕಣ್ಣಿಗೆ ಕಾಣಲ್ಲ. ರೊಟ್ಟಿ ಹಂಚಿಗೆ ಬೆರಳು ತಾಗಿದರೆ ಯಾರೂ ಹೇಳಿಕೊಡದೆ ಕೈ ಹಿಂದೆ ಬರುತ್ತದೆ. ಎಕ್ಸ್‌ರೇಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಬಿಸಿ ಇಲ್ಲ. ಇವತ್ತು ಏಪ್ರನ್, ಅಂದರೆ ಎಕ್ಸ್‌ರೇ ತಡೆಯುವ ಲೆಡ್ (ಸೀಸ) ಇರುವ ಮೇಲಂಗಿ ಹಾಕಲಿಲ್ಲ ಅಂದರೆ ಸಂಜೆಗೆ ಮೈ ನೋಯಲ್ಲ. ಹಾಗಾಗಿ ನಾಳೆಯೂ ಹಾಕಲ್ಲ.

ಎರಡನೆಯ ಕಾರಣವೇ ದೊಡ್ಡದು. ಅದರ ಬಗ್ಗೆ ಯಾರೂ ಮಾತಾಡಲ್ಲ. ನಾನು ಹಿಂದೆ ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ಎರಡು ಲೆಡ್ ಏಪ್ರನ್ ಇದ್ದವು. ಹೊಸವು, ದುಬಾರಿಯವು. ಕಳುವಾದೀತು ಅಂತ ಅವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ಕೀಲಿ ಇನ್‌ಚಾರ್ಜ್ ಹತ್ತಿರ. ಇನ್‌ಚಾರ್ಜ್ ಸಂಜೆ ಐದಕ್ಕೆ ಮನೆಗೆ. ನಮ್ಮ ಕಡೆ ಕಬ್ಬಿನ ಹಂಗಾಮು ಶುರುವಾದರೆ ರಾತ್ರಿ ಹೊತ್ತು ಟ್ರ್ಯಾಕ್ಟರ್ ಅಪಘಾತದ ಕೇಸುಗಳು ಬರುತ್ತವೆ. ಹನ್ನೊಂದು ಗಂಟೆಗೆ ಕೈಕಾಲು ಮುರಿದವರು ಸ್ಟ್ರೆಚರ್ ಮೇಲೆ ಮಲಗಿರುವಾಗ ಕೀಲಿ ತರಲು ಯಾರು ಹೋಗುತ್ತಾರೆ? ಯಾರೂ ಏಪ್ರನ್ ಹಾಕಲಿಲ್ಲ. ತಿಂಗಳ ಮೀಟಿಂಗ್‌ನಲ್ಲಿ ಎಲ್ಲರಿಗೂ ಬೈಗುಳ ಬಿತ್ತು: "ನಿಮಗೆ ನಿಮ್ಮ ಜೀವದ ಕಾಳಜಿನೇ ಇಲ್ಲೇನ್ರಿ?" ಕಾಳಜಿ ಇತ್ತು. ಇರದಿದ್ದದ್ದು ಕೀಲಿ.

ಈಗ ನಮ್ಮಲ್ಲಿ ಬಾಗಿಲ ಪಕ್ಕದಲ್ಲೇ ದಪ್ಪ ಪೈಪಿನ ಹ್ಯಾಂಗರ್ ಇದೆ. ವೆಲ್ಡಿಂಗ್ ಅಂಗಡಿಯವನಿಗೆ ಅಳತೆ ಕೊಟ್ಟು ಮಾಡಿಸಿದ್ದು. ಒಳಗೆ ಬರುವವನ ಭುಜಕ್ಕೆ ಏಪ್ರನ್ ತಾಗಬೇಕು, ಅಷ್ಟು ಹತ್ತಿರ. ಅದು ಬಂದ ಮೇಲೆ ನಾನು ಏಪ್ರನ್ ಬಗ್ಗೆ ಭಾಷಣ ಮಾಡಿದ್ದು ಕಮ್ಮಿ. ನನ್ನ ಅನುಭವದಲ್ಲಿ ಸಿಬ್ಬಂದಿ ನಿಯಮ ಮೀರಿದ ಕಡೆಯಲ್ಲೆಲ್ಲಾ ಇಂಥದ್ದೊಂದು ಕೀಲಿ ಎಲ್ಲೋ ಸಿಕ್ಕಿಹಾಕಿಕೊಂಡಿರುತ್ತದೆ. ಬೈಯುವ ಮೊದಲು ಅದನ್ನು ಹುಡುಕಿ.

ಹಿರಿಯರು "ಇಪ್ಪತ್ ವರ್ಷಾತು, ನನಗೇನಾಗೇತಿ?" ಅಂತಾರೆ. ಏನು ಹೇಳೋದು?

ವಾದಕ್ಕೆ ಇಳಿಯಬೇಡಿ. ಅವರು ಹೇಳುವುದು ಸುಳ್ಳಲ್ಲ, ಅವರಿಗೆ ನಿಜವಾಗಿಯೂ ಏನೂ ಆಗಿಲ್ಲ. ಆದರೆ ಅದಕ್ಕೆ ಕಾರಣ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಲೆಡ್ ಗಾಜಿನ ಕಿಟಕಿ, ಸೋರಿಕೆ ಇಲ್ಲದ ಟ್ಯೂಬ್. ಅವರು ಮರೆತ ದಿನವೂ ಗೋಡೆ ಮರೆತಿಲ್ಲ.

ರೇಡಿಯೇಷನ್‌ನಿಂದ ಎರಡು ಬಗೆಯ ಹಾನಿ ಇದೆ. ಚರ್ಮ ಸುಡುವುದು, ಕಣ್ಣಿಗೆ ಪೊರೆ ಬರುವುದು ಒಂದು ಬಗೆ. ಇವು ಒಂದು ಮಟ್ಟ ದಾಟಿದ ಮೇಲೆ ಆಗುತ್ತವೆ. ಕ್ಯಾನ್ಸರ್ ಇನ್ನೊಂದು ಬಗೆ. ಅದಕ್ಕೆ "ಇಷ್ಟರ ಒಳಗಿದ್ದರೆ ಪೂರ್ತಿ ಸೇಫ್" ಅನ್ನುವ ಗೆರೆ ಇಲ್ಲ ಅಂತಲೇ ಹಿಡಿದು ನಿಯಮ ಮಾಡಿದ್ದಾರೆ. ಡೋಸ್, ಅಂದರೆ ಮೈಗೆ ಬಿದ್ದ ರೇಡಿಯೇಷನ್ ಪ್ರಮಾಣ ಹೆಚ್ಚಿದಂತೆ ಸಾಧ್ಯತೆ ಹೆಚ್ಚುತ್ತದೆ, ಅಷ್ಟೇ. ಹೆಲ್ಮೆಟ್ ಇಲ್ಲದೆ ಇಪ್ಪತ್ತು ವರ್ಷ ಬೈಕ್ ಓಡಿಸಿದವನೂ ಇದ್ದಾನೆ, ಅಲ್ವಾ?

ರಾಂಟ್‌ಜೆನ್ 1895ರ ನವೆಂಬರ್ 8ರಂದು ಎಕ್ಸ್‌ರೇ ಕಂಡುಹಿಡಿದ. ಎಡಿಸನ್‌ನ ಸಹಾಯಕ ಕ್ಲಾರೆನ್ಸ್ ಡಾಲಿ ಟ್ಯೂಬ್ ಮುಂದೆ ದಿನಾ ಕೈ ಒಡ್ಡಿ ಪರೀಕ್ಷೆ ಮಾಡುತ್ತಿದ್ದ. ಕೈಗೆ ಹುಣ್ಣಾಯಿತು, ಕ್ಯಾನ್ಸರ್ ಆಯಿತು, ಕೈ ಕತ್ತರಿಸಿದರು. 1904ರಲ್ಲಿ ತೀರಿಕೊಂಡ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಇಂಥವರ ಹೆಸರು ಕೆತ್ತಿದ ಸ್ಮಾರಕವನ್ನು 1936ರಲ್ಲಿ ನಿಲ್ಲಿಸಿದರು. ನಮ್ಮ ನಿಯಮ ಪುಸ್ತಕ ಶುರುವಾಗುವುದು ಇಂಥವರ ಕೈಗಳಿಂದ.

ಇನ್ನು ಹಿರಿಯರ ವಿಷಯ. ನಮ್ಮಲ್ಲಿ ಒಬ್ಬ ಕಾಕಾ ಇದ್ದರು, ಏಪ್ರನ್ ಮುಟ್ಟುತ್ತಿರಲಿಲ್ಲ. ಅವರಿಗೆ ನಾನು ಏನೂ ಹೇಳಲಿಲ್ಲ. ಏಪ್ರನ್‌ಗಳಲ್ಲಿ ಬಿರುಕು ಪರೀಕ್ಷೆ ಮಾಡುವ ಕೆಲಸವನ್ನೇ ಅವರಿಗೆ ವಹಿಸಿದೆ. "ಕಾಕಾ, ನಿಮ್ಮಷ್ಟು ಕಣ್ಣು ನಮಗಿಲ್ಲ, ನೀವೇ ನೋಡಿಕೊಡಬೇಕು." ಎರಡು ತಿಂಗಳಲ್ಲಿ ಹುಡುಗರು ಏಪ್ರನ್ ಮಡಚಿ ಇಟ್ಟರೆ ಅವರೇ ಬೈಯತೊಡಗಿದರು. ಬೈಯುವವರು ತಾವು ಹಾಕಿಕೊಳ್ಳದೆ ಹೇಗಿರುತ್ತಾರೆ?

ವರ್ಷಕ್ಕೆ ಎಷ್ಟು ಡೋಸ್ ತಗೊಳ್ಳಬಹುದು?

"ತಗೊಳ್ಳಬಹುದು" ಅನ್ನುವ ಮಾತೇ ಸರಿಯಲ್ಲ, ಅದು ರೇಷನ್ ಕಾರ್ಡ್ ಅಲ್ಲ. ಆದರೂ ಲೆಕ್ಕ ಗೊತ್ತಿರಬೇಕು. ನಮ್ಮ ದೇಶದಲ್ಲಿ ಈ ಮಿತಿಗಳನ್ನು ಹಾಕುವುದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. ನಾವೆಲ್ಲ ಎಇಆರ್‌ಬಿ ಅನ್ನುವುದು ಅದಕ್ಕೇ. ಮುಂಬೈನಲ್ಲಿದೆ, 1983ರಲ್ಲಿ ಶುರುವಾದದ್ದು.

ಡೋಸ್ ಅಳೆಯುವ ಮಾನ ಮಿಲಿಸೀವರ್ಟ್. ಕೆಲಸಗಾರರಿಗೆ ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್. ಅಂದರೆ ಐದು ವರ್ಷಕ್ಕೆ 100 ದಾಟಬಾರದು. ಯಾವುದೇ ಒಂದು ವರ್ಷದಲ್ಲಿ 30 ದಾಟಬಾರದು. ಕೈಕಾಲಿಗೆ ವರ್ಷಕ್ಕೆ 500. ಸಾಮಾನ್ಯ ಜನರಿಗೆ 1. ಹದಿನಾರರಿಂದ ಹದಿನೆಂಟು ವಯಸ್ಸಿನ ತರಬೇತಿಯವರಿಗೆ 6. ಹದಿನೆಂಟು ತುಂಬದವರನ್ನು ರೇಡಿಯೇಷನ್ ಕೆಲಸಕ್ಕೆ ಹಾಕುವಂತಿಲ್ಲ.

ಮಿತಿಯ ಒಳಗಿದ್ದರೆ ಸಾಕು ಅಂತಲೂ ಅಲ್ಲ. ಎಷ್ಟು ಕಮ್ಮಿ ಮಾಡಲು ಸಾಧ್ಯವೋ ಅಷ್ಟು ಕಮ್ಮಿ ಮಾಡಬೇಕು. ಅಲಾರಾ ಅಂತ ಡಿಪ್ಲೊಮಾದಲ್ಲಿ ಬಾಯಿಪಾಠ ಮಾಡಿದ್ದು ಇದನ್ನೇ.

ಟಿಎಲ್‌ಡಿ ಬ್ಯಾಡ್ಜ್ ಎಲ್ಲಿ ಹಾಕಬೇಕು? ಏಪ್ರನ್ ಮೇಲಾ, ಒಳಗಾ?

ಟಿಎಲ್‌ಡಿ ಅಂದರೆ ನಮ್ಮ ಮೈಗೆ ಬಿದ್ದ ಡೋಸ್ ಅಳೆಯುವ ಬ್ಯಾಡ್ಜ್. ಎದೆಯ ಮಟ್ಟದಲ್ಲಿ, ಏಪ್ರನ್ ಒಳಗೆ. ಪ್ಯಾಂಟಿನ ಜೇಬಲ್ಲಿ ಅಲ್ಲ, ಪರ್ಸಿನಲ್ಲಿ ಅಲ್ಲ, ಬೈಕಿನ ಡಿಕ್ಕಿಯಲ್ಲಂತೂ ಖಂಡಿತ ಅಲ್ಲ. ನಿಮ್ಮ ಬ್ಯಾಡ್ಜ್ ನಿಮಗೆ ಮಾತ್ರ. ಎರಡು ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಎರಡೂ ಕಡೆ ಇದನ್ನು ಆರ್‌ಎಸ್‌ಒಗೆ ತಿಳಿಸಬೇಕು, ಮುಚ್ಚಿಡಬಾರದು.

ಬ್ಯಾಡ್ಜ್ ಒಳಗೆ ಇರುವುದು ಮೂರು ಪುಟ್ಟ ಬಿಲ್ಲೆ. ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟ್‌ನಿಂದ ಮಾಡಿದ್ದು. ರೇಡಿಯೇಷನ್ ತಾಗಿದರೆ ಆ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಲ್ಯಾಬಿನಲ್ಲಿ ಕಾಯಿಸಿದಾಗ ಅದು ಬೆಳಕಾಗಿ ಹೊರಬರುತ್ತದೆ. ಎಷ್ಟು ಬೆಳಕೋ ಅಷ್ಟು ಡೋಸ್. ಮೂರು ತಿಂಗಳಿಗೊಮ್ಮೆ ಕಳಿಸಬೇಕು. ನಿಮ್ಮ ಲೆಕ್ಕ ಬಾಬಾ ಅಣು ಸಂಶೋಧನಾ ಕೇಂದ್ರದ ರಾಷ್ಟ್ರೀಯ ದಾಖಲೆಯಲ್ಲಿ ಸೇರುತ್ತದೆ. ಆಸ್ಪತ್ರೆ ಬದಲಾಯಿಸಿದರೂ ಆ ಲೆಕ್ಕ ನಿಮ್ಮ ಹಿಂದೆಯೇ ಬರುತ್ತದೆ.

ಇಲ್ಲೊಂದು ಕಥೆ ಹೇಳಲೇಬೇಕು. ಒಂದು ಸಲ ನಮ್ಮ ಹುಡುಗಿಯೊಬ್ಬಳ ಬ್ಯಾಡ್ಜ್‌ನಲ್ಲಿ ಮೂರೇ ತಿಂಗಳಿಗೆ 10 ಮಿಲಿಸೀವರ್ಟ್‌ಗಿಂತ ಜಾಸ್ತಿ ಬಂತು. ಅಷ್ಟು ಬಂದರೆ ವಿಚಾರಣೆ ಕಡ್ಡಾಯ, ವಿವರಣೆ ಕೇಳಿ ಪತ್ರ ಬರುತ್ತದೆ. ಪತ್ರ ನೋಡಿ ಆಕೆ ಅತ್ತೇಬಿಟ್ಟಳು. ಮನೆಯಲ್ಲಿ "ನೌಕರಿ ಬಿಟ್ಟು ಬಾ" ಅಂದರಂತೆ. ನಾನು ಮೂರು ತಿಂಗಳ ಡ್ಯೂಟಿ ಪಟ್ಟಿ ತೆಗೆದು ಕೂತೆ. ಅವಳು ಸಿ-ಆರ್ಮ್, ಅಂದರೆ ಓಟಿಯಲ್ಲಿ ಆಪರೇಷನ್ ನಡೆಯುವಾಗ ಬಳಸುವ ಎಕ್ಸ್‌ರೇ ಮಷಿನ್ ಕಡೆ ಹೋಗಿಯೇ ಇರಲಿಲ್ಲ. "ಡ್ಯೂಟಿ ಮುಗಿದ ಮೇಲೆ ಬ್ಯಾಡ್ಜ್ ಎಲ್ಲಿಡ್ತಿ ತಂಗಿ?" ಅಂದೆ. "ಏಪ್ರನ್‌ಗೇ ಚುಚ್ಚಿರ್ತದ್ರಿ ಸರ, ಕಳೀಬಾರದಂತ" ಅಂದಳು. ಆ ಏಪ್ರನ್ ನೇತಾಡುತ್ತಿದ್ದದ್ದು ಎದೆಯ ಎಕ್ಸ್‌ರೇ ತೆಗೆಯುವ ಚೆಸ್ಟ್ ಸ್ಟ್ಯಾಂಡಿನ ಬಗಲಲ್ಲೇ. ಅವಳು ಮನೆಯಲ್ಲಿ ನಿದ್ದೆ ಮಾಡುವಾಗ ಬ್ಯಾಡ್ಜ್ ನೈಟ್ ಡ್ಯೂಟಿ ಮಾಡುತ್ತಿತ್ತು.

ಆಮೇಲೆ ಎಕ್ಸ್‌ರೇ ರೂಮಿನಿಂದ ದೂರ, ಆಫೀಸಿನ ಗೋಡೆಗೆ ಒಂದು ಹಲಗೆ ಹೊಡೆಸಿದೆವು. ಮೇಲೆ ಹೆಸರು, ಕೆಳಗೆ ಮೊಳೆ. ಹಾಜರಿ ಹಾಕುವ ಜಾಗವೂ ಅಲ್ಲೇ. ಯಾರೂ ಹಾಕಿಕೊಳ್ಳದ, ಹೋಲಿಸಿ ನೋಡಲು ಇಡುವ ಕಂಟ್ರೋಲ್ ಬ್ಯಾಡ್ಜ್ ಕೂಡ ಅಲ್ಲೇ ಇರುತ್ತದೆ.

ನನ್ನ ರಿಪೋರ್ಟ್ ಯಾವಾಗಲೂ ಸೊನ್ನೆ. ಸುಮ್ನೆ ಯಾಕೆ ಹಾಕಬೇಕು?

ಸೊನ್ನೆ ಬರಲಿ ಅಂತಲೇ ಹಾಕುವುದು. ಒಂದು ದಿನ ಸೊನ್ನೆ ಬರದಿದ್ದರೆ ಯಾವ ಮೂರು ತಿಂಗಳಲ್ಲಿ ಏನು ಬದಲಾಯಿತು ಅಂತ ಹುಡುಕಬಹುದು. ಬ್ಯಾಡ್ಜ್ ಟೇಬಲ್ ಡ್ರಾಯರ್‌ನಲ್ಲಿ ಇದ್ದು ಸೊನ್ನೆ ಬಂದಿದ್ದರೆ ಅದು ಡ್ರಾಯರ್‌ನ ರಿಪೋರ್ಟ್.

ಬೇಸಿಗೆಯಲ್ಲಿ ಏಪ್ರನ್ ಹಾಕೋದು ಶಿಕ್ಷೆ. ಏನಾದ್ರೂ ಉಪಾಯ ಇದೆಯಾ?

ಇದು ನ್ಯಾಯವಾದ ದೂರು. ಬೆಂಗಳೂರಿನ ತರಬೇತಿಗೆ ಹೋದಾಗ ಯಾರೂ ಈ ಪ್ರಶ್ನೆ ಕೇಳಲ್ಲ. ವಿಜಯಪುರದ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಮೇಲೆ, ಕರೆಂಟು ಹೋಗಿ ಎಸಿ ನಿಂತಾಗ, ಐದಾರು ಕಿಲೋ ತೂಕದ ರಬ್ಬರ್ ಮೈಮೇಲೆ ಹೊತ್ತು ನಿಂತವನಿಗೇ ಗೊತ್ತು ಅದರ ಕಷ್ಟ. ಬೆವರಿನ ವಾಸನೆಗೇ ಅರ್ಧ ಜನ ಅದನ್ನು ಮುಟ್ಟಲ್ಲ.

ಮಾಡಬಹುದಾದದ್ದು ಇದೆ. ಕಂಟ್ರೋಲ್ ಕನ್ಸೋಲ್ ಹಿಂದೆ, ಗೋಡೆ ಅಥವಾ ಲೆಡ್ ತಡೆಯ ಮರೆಯಲ್ಲಿ ನಿಂತು ಎಕ್ಸ್‌ಪೋಜರ್ ಕೊಡುವವರಿಗೆ ಏಪ್ರನ್ ಬೇಕಾಗಿಲ್ಲ. ತಡೆಯೇ ಸಾಕು. ಇದನ್ನು ಸ್ಪಷ್ಟವಾಗಿ ಹೇಳಿ. ಬೇಡದ ಕಡೆ ಹಾಕಿಸಿದರೆ ಬೇಕಾದ ಕಡೆ ಬಿಚ್ಚಿಡುತ್ತಾರೆ. ಓಟಿಯಲ್ಲಿ ತುಂಬಾ ಹೊತ್ತು ನಿಲ್ಲುವವರಿಗೆ ಮೇಲಂಗಿ ಮತ್ತು ಸ್ಕರ್ಟ್ ಎರಡು ತುಂಡಾಗಿ ಬರುವ ಏಪ್ರನ್ ಕೊಡಿ, ಭಾರ ಭುಜ ಮತ್ತು ಸೊಂಟಕ್ಕೆ ಹಂಚಿಹೋಗುತ್ತದೆ. ಕನಿಷ್ಠ 0.25 ಮಿಲಿಮೀಟರ್ ಲೆಡ್‌ಗೆ ಸಮ ಇರಬೇಕು. ಸಿ-ಆರ್ಮ್ ಹತ್ತಿರ ನಿಲ್ಲುವವರಿಗೆ 0.5 ಒಳ್ಳೆಯದು. ಅದು ರೋಗಿಯ ಮೈಗೆ ಬಡಿದು ಚೆದುರಿ ಬರುವ ಕಿರಣದಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ತಡೆಯುತ್ತದೆ. ಜೊತೆಗೆ ಕುತ್ತಿಗೆಗೆ ಥೈರಾಯ್ಡ್ ಕಾಲರ್.

ವಾಸನೆಗೆ ಮದ್ದು: ದಿನಾ ಒದ್ದೆ ಬಟ್ಟೆ, ಸ್ವಲ್ಪ ಸೌಮ್ಯ ಸೋಪಿನ ನೀರು. ನೆನೆಹಾಕಬೇಡಿ. ಬಿಸಿಲಿಗೆ ಒಣಹಾಕಬೇಡಿ. ಮಡಚಿ ಇಡಲೇಬೇಡಿ, ಕುರ್ಚಿಯ ಬೆನ್ನ ಮೇಲೆ ಹಾಕಬೇಡಿ. ಮಡಚಿದ ಕಡೆ ಒಳಗಿನ ಲೆಡ್ ಬಿರಿಯುತ್ತದೆ. ಹೊರಗಿನ ಬಟ್ಟೆ ಚೆನ್ನಾಗಿಯೇ ಕಾಣುತ್ತದೆ. ವರ್ಷಕ್ಕೊಮ್ಮೆಯಾದರೂ ಏಪ್ರನ್‌ನನ್ನೇ ಟೇಬಲ್ ಮೇಲೆ ಹಾಸಿ ಎಕ್ಸ್‌ರೇ ತೆಗೆದು ನೋಡಿ. ಒಮ್ಮೆ ಹಾಗೆ ತೆಗೆದ ಚಿತ್ರವನ್ನು ನಾನು ಗೋಡೆಗೆ ಅಂಟಿಸಿದೆ: ಹೊಟ್ಟೆಯ ಮೇಲೆ ಅಡ್ಡಡ್ಡ ಕರಿ ಗೆರೆಗಳು, ಬರಗಾಲದ ಎರೆಹೊಲದ ಹಾಗೆ. ಅವತ್ತಿನಿಂದ ಮಡಚುವುದು ನಿಂತಿತು.

ಐಸಿಯುನಲ್ಲಿ ಪೋರ್ಟಬಲ್ ಎಕ್ಸ್‌ರೇ ತೆಗೆಯುವಾಗ ಪಕ್ಕದ ಬೆಡ್‌ನವರ ಗತಿ?

ಅವರಿಗೂ ನಿಮಗೂ ದೂರವೇ ದೊಡ್ಡ ಗುರಾಣಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಒಂದು ಮೀಟರ್‌ನಿಂದ ಎರಡು ಮೀಟರ್‌ಗೆ ಸರಿದರೆ ಡೋಸ್ ಕಾಲು ಭಾಗ. ಮೂರು ಮೀಟರ್‌ಗೆ ಹೋದರೆ ಒಂಬತ್ತರಲ್ಲಿ ಒಂದು ಪಾಲು. ಎಕ್ಸ್‌ಪೋಜರ್ ಸ್ವಿಚ್‌ನ ವೈರ್ ಪೂರ್ತಿ ಎಳೆದು, ಏಪ್ರನ್ ಹಾಕಿ, ಎರಡು ಮೀಟರ್‌ಗಿಂತ ಆಚೆ ನಿಲ್ಲಿ. ವೈರ್ ಸುರುಳಿ ಸುತ್ತಿಕೊಂಡು ಗಂಟಾಗಿದ್ದರೆ ಯಾರೂ ಪೂರ್ತಿ ಎಳೆಯಲ್ಲ. ವಾರಕ್ಕೊಮ್ಮೆ ಗಂಟು ಬಿಡಿಸಿಡಿ, ಇದೂ ಒಂದು ಸುರಕ್ಷತೆ ಕೆಲಸವೇ.

ಇನ್ನೊಂದು. "ಎಕ್ಸ್‌ರೇ!" ಅಂತ ಗಟ್ಟಿಯಾಗಿ ಕೂಗಿ, ಮನಸ್ಸಿನಲ್ಲಿ ಐದು ಎಣಿಸಿ, ಆಮೇಲೆ ಒತ್ತಿ. ಎಷ್ಟೋ ಜನ ಕೂಗುತ್ತಲೇ ಒತ್ತಿಬಿಡುತ್ತಾರೆ. ಡ್ರಿಪ್ ಸರಿಮಾಡುತ್ತಿರುವ ಸಿಸ್ಟರ್ ತಿರುಗಿ ನೋಡುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ನಾವು ಎಣಿಸಲು ಶುರುಮಾಡಿದ ಮೇಲೆ ಸಿಸ್ಟರ್‌ಗಳ ಜೊತೆಗಿನ ಜಗಳವೂ ಕಮ್ಮಿಯಾಯಿತು.

ಓಟಿಯಲ್ಲಿ ಡಾಕ್ಟರ್ ಕೈ ಬೀಮ್‌ನೊಳಗೆ ಇಡ್ತಾರೆ. ನಾನು ಟೆಕ್ನಿಷಿಯನ್, ಹೇಗೆ ಹೇಳೋದು?

ಅತಿ ಹೆಚ್ಚು ಬಾರಿ ಬರುವ ಪ್ರಶ್ನೆ ಇದು. ಅತಿ ಮೆಲ್ಲಗೆ ಕೇಳುವ ಪ್ರಶ್ನೆಯೂ ಇದೇ.

ಮೂಳೆ ಡಾಕ್ಟರ್‌ಗೆ ಆಗ ರಾಡು, ಸ್ಕ್ರೂ ಬಿಟ್ಟು ಬೇರೇನೂ ಕಾಣಿಸುತ್ತಿರಲ್ಲ. "ಸರ್, ರೇಡಿಯೇಷನ್ ಅಪಾಯ" ಅಂತ ಪಾಠ ಹೇಳಿದರೆ ಸಿಟ್ಟು ಬರುತ್ತದೆ, ಯಾರಿಗಾದರೂ. ನಾನು ಹೇಳುವುದು ಇಷ್ಟೇ: "ಸರ, ಕೈ ಬರಾಕತ್ತೈತ್ರಿ." ಚಿತ್ರ ಕೆಡುತ್ತದೆ ಅನ್ನುವ ಧಾಟಿ. ಅವರು ಮಾನಿಟರ್ ನೋಡುತ್ತಾರೆ, ತಮ್ಮದೇ ಬೆರಳಿನ ಮೂಳೆ ಕಾಣುತ್ತದೆ, ಕೈ ತೆಗೆಯುತ್ತಾರೆ. ಗೌರವಕ್ಕೆ ಧಕ್ಕೆ ಇಲ್ಲ, ಕೆಲಸವೂ ಆಯಿತು.

ಉಳಿದದ್ದು ನಿಮ್ಮ ಕೈಯಲ್ಲೇ ಇದೆ. ಟ್ಯೂಬ್ ಕೆಳಗೆ, ಚಿತ್ರ ಹಿಡಿಯುವ ಭಾಗ ಮೇಲೆ. ಹೀಗಿದ್ದರೆ ಚೆದುರುವ ಕಿರಣ ಹೆಚ್ಚಾಗಿ ನೆಲದ ಕಡೆ ಹೋಗುತ್ತದೆ. ಉಲ್ಟಾ ಇಟ್ಟರೆ ನೇರ ಡಾಕ್ಟರ್ ಮುಖಕ್ಕೆ, ಕಣ್ಣಿಗೆ. ಅಡ್ಡವಾಗಿ ತೆಗೆಯುವಾಗ ಟ್ಯೂಬ್ ಇರುವ ಕಡೆ ಯಾರನ್ನೂ ನಿಲ್ಲಿಸಬೇಡಿ. ಚಿತ್ರ ಹಿಡಿಯುವ ಭಾಗ ರೋಗಿಗೆ ಆದಷ್ಟು ಹತ್ತಿರ ಇರಲಿ. ಪೆಡಲ್ ಒತ್ತಿ ಹಿಡಿಯುವ ಬದಲು ಬಿಟ್ಟು ಬಿಟ್ಟು ಒತ್ತಿ, ಕೊನೆಯ ಚಿತ್ರ ಮಾನಿಟರ್ ಮೇಲೆ ನಿಂತೇ ಇರುತ್ತದೆ. ಐದು ನಿಮಿಷಕ್ಕೆ ಬಜರ್ ಹೊಡೆದಾಗ ಸುಮ್ಮನೆ ಅದುಮಬೇಡಿ, "ಸರ, ಐದು ನಿಮಿಷ ಆಯ್ತು" ಅಂತ ಬಾಯಿಬಿಟ್ಟು ಹೇಳಿ. ಕೇಸ್ ಮುಗಿದ ಮೇಲೆ ಎಷ್ಟು ನಿಮಿಷ ಆಯಿತು ಅಂತ ರಿಜಿಸ್ಟರ್‌ನಲ್ಲಿ ಬರೆಯಿರಿ. ಡಾಕ್ಟರ್‌ಗಳಿಗೆ ತಮ್ಮ ನಿಮಿಷ ನೋಡುವ ಕುತೂಹಲ ಇರುತ್ತದೆ. ಪಕ್ಕದವರ ನಿಮಿಷ ನೋಡುವ ಕುತೂಹಲ ಇನ್ನೂ ಜಾಸ್ತಿ. ನಮ್ಮಲ್ಲಿ ಆ ರಿಜಿಸ್ಟರ್ ಮಾಡಿದಷ್ಟು ಕೆಲಸವನ್ನು ಯಾವ ಸರ್ಕ್ಯುಲರ್ರೂ ಮಾಡಿಲ್ಲ.

ಎಕ್ಸ್‌ರೇ ನೋಡುತ್ತಾ ಹೃದಯದ ರಕ್ತನಾಳಗಳ ಚಿಕಿತ್ಸೆ ಮಾಡುವ ಕ್ಯಾಥ್‌ಲ್ಯಾಬ್‌ನವರಿಗೆ ಕಣ್ಣಿನ ವಿಷಯ ಮುಖ್ಯ. ಕಣ್ಣಿನ ಮಸೂರದ ಮಿತಿಯನ್ನು ವರ್ಷಕ್ಕೆ ಸರಾಸರಿ 20 ಮಿಲಿಸೀವರ್ಟ್‌ಗೆ ಇಳಿಸಬೇಕು ಅಂತ ರೇಡಿಯೇಷನ್ ರಕ್ಷಣೆಯ ಅಂತರರಾಷ್ಟ್ರೀಯ ಆಯೋಗ 2011ರಲ್ಲೇ ಹೇಳಿದೆ. ಲೆಡ್ ಕನ್ನಡಕ, ಮೇಲಿಂದ ತೂಗುವ ಗಾಜಿನ ತಡೆ ಎರಡೂ ಬಳಸಿ. ತೂಗುವ ತಡೆ ಇದ್ದೂ ಮೂಲೆಗೆ ತಳ್ಳಿದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಅಳುವ ಮಗು, ಕುಡಿದು ಬಂದ ಗಾಯಾಳು. ಯಾರು ಹಿಡಿಯಬೇಕು?

ನೀವು ಹಿಡಿಯಬೇಡಿ. ವಾರ್ಡ್‌ಬಾಯ್ ಕೂಡ ಬೇಡ. ನಿಮಗೆ ಇದು ದಿನದ ಕೆಲಸ, ಮಗುವಿನ ಅಪ್ಪನಿಗೆ ಒಂದೇ ದಿನ. ಅಪ್ಪನಿಗೋ ಕಾಕಾಗೋ ಏಪ್ರನ್ ಹಾಕಿಸಿ, ನೇರ ಬೀಮ್‌ನಿಂದ ಹೊರಗೆ ನಿಲ್ಲಿಸಿ, ಎಲ್ಲಿ ಹಿಡಿಯಬೇಕು ಅಂತ ತೋರಿಸಿ. ಗರ್ಭಿಣಿಯರು ಬೇಡ. ಅಮ್ಮ ಬಂದರೆ ಮೊದಲು ಕೇಳಿ. ಮರಳಿನ ಚೀಲ, ಪಟ್ಟಿ, ಸ್ಪಂಜು ಇಟ್ಟರೆ ಎಷ್ಟೋ ಸಲ ಯಾರೂ ಹಿಡಿಯಬೇಕಾಗಿಯೇ ಇಲ್ಲ. ಮಗುವಿಗೆ ಮೊಬೈಲ್‌ನಲ್ಲಿ ಹಾಡು ಹಾಕಿಕೊಟ್ಟರೂ ಆಗುತ್ತದೆ.

ಡಿಜಿಟಲ್ ಬಂದ ಮೇಲೆ ಡೋಸ್ ಕಡಿಮೆ ಆಯ್ತಲ್ವಾ?

ಆಗಬೇಕಿತ್ತು. ಫಿಲ್ಮ್ ಕಾಲದಲ್ಲಿ ಜಾಸ್ತಿ ಕೊಟ್ಟರೆ ಚಿತ್ರ ಕಪ್ಪಾಗುತ್ತಿತ್ತು, ಡಾಕ್ಟರ್ ಎದುರು ಮಾನ ಹೋಗುತ್ತಿತ್ತು. ಈಗ ಜಾಸ್ತಿ ಕೊಟ್ಟರೆ ಚಿತ್ರ ಇನ್ನೂ ಚೆನ್ನಾಗಿ ಬರುತ್ತದೆ. ಕಮ್ಮಿ ಕೊಟ್ಟರೆ ಮಾತ್ರ ಮರಳು ಮರಳಾಗಿ ಕಾಣುತ್ತದೆ. ಹಾಗಾಗಿ ಯಾರೂ ಬೈಯದ ಕಡೆಗೆ, ಅಂದರೆ ಮೇಲಕ್ಕೆ, ಎಂಎಎಸ್, ಅಂದರೆ ಎಷ್ಟು ಎಕ್ಸ್‌ರೇ ಬಿಡಬೇಕು ಅನ್ನುವ ಸೆಟ್ಟಿಂಗ್ ಮೆಲ್ಲಗೆ ಏರುತ್ತಾ ಹೋಗುತ್ತದೆ. ಚಿತ್ರ ಹಿಡಿಯುವ ಭಾಗಕ್ಕೆ ಎಷ್ಟು ಎಕ್ಸ್‌ರೇ ಬಿತ್ತು ಅಂತ ಮಷಿನ್ ತೋರಿಸುವ ಅಂಕಿ, ಅಂದರೆ ಎಕ್ಸ್‌ಪೋಜರ್ ಇಂಡೆಕ್ಸ್ ನೋಡುವ ಅಭ್ಯಾಸ ಮಾಡಿಕೊಳ್ಳಿ. ದಪ್ಪ, ತೆಳ್ಳಗಿನ, ಮಕ್ಕಳ ಲೆಕ್ಕದ ಚಾರ್ಟ್ ಕನ್ಸೋಲ್ ಪಕ್ಕ ಅಂಟಿಸಿ.

ಇನ್ನೊಂದು ಕೆಟ್ಟ ಚಾಳಿ ಕತ್ತರಿ. ಬೀಮನ್ನು ಪೂರ್ತಿ ತೆರೆದು ತೆಗೆಯುವುದು, ಆಮೇಲೆ ಕಂಪ್ಯೂಟರ್‌ನಲ್ಲಿ ಬೇಕಾದಷ್ಟು ಕತ್ತರಿಸುವುದು. ಚಿತ್ರ ಅಚ್ಚುಕಟ್ಟಾಗಿ ಕಾಣುತ್ತದೆ, ಆದರೆ ಮಗುವಿನ ಎದೆಗೆ ಬೇಕಿದ್ದ ಎಕ್ಸ್‌ರೇ ತಲೆಯಿಂದ ತೊಡೆವರೆಗೆ ಬಿದ್ದಾಗಿದೆ. ಕತ್ತರಿಸಿದ್ದು ಚಿತ್ರ, ಡೋಸ್ ಅಲ್ಲ. ಬೀಮ್ ದೊಡ್ಡದಾದಷ್ಟೂ ಚೆದುರುವುದೂ ಜಾಸ್ತಿ, ನಿಮ್ಮ ಕಡೆಗೂ.

ರೋಗಿಗೆ ಗೊನಾಡ್ ಶೀಲ್ಡ್ ಹಾಕಲೇಬೇಕಾ?

ಅದು ರೋಗಿಯ ಜನನಾಂಗದ ಭಾಗಕ್ಕೆ ಮುಚ್ಚುವ ಲೆಡ್ ತುಂಡು. ನಾವು ಕಲಿತಾಗ ಹಾಕಲೇಬೇಕಿತ್ತು. 2019ರಲ್ಲಿ ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ ದಿನನಿತ್ಯದ ಬಳಕೆ ಬೇಡ ಅಂದಿತು. ಅದು ಜಾರಿ ಬೇಕಾದ ಭಾಗವನ್ನೇ ಮುಚ್ಚಿ, ಮತ್ತೊಮ್ಮೆ ತೆಗೆಯುವಂತಾಗುತ್ತದೆ ಅನ್ನುವುದು ಒಂದು ಕಾರಣ. ನಿಮ್ಮ ವಿಭಾಗದ ಲಿಖಿತ ಸೂಚನೆ ಏನಿದೆಯೋ ಹಾಗೆ ಮಾಡಿ. ಬೀಮ್ ಚಿಕ್ಕದು ಮಾಡುವುದಂತೂ ಎಲ್ಲರೂ ಒಪ್ಪುವ ಮಾತು.

ಎಕ್ಸ್‌ರೇ ತೆಗೆದ ಮೇಲೆ ರೂಮಿನಲ್ಲಿ ರೇಡಿಯೇಷನ್ ಎಷ್ಟು ಹೊತ್ತು ಇರುತ್ತೆ?

ಇರಲ್ಲ. ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿದರೆ ಮತ್ತೆ ಮತ್ತೆ ಕೇಳುತ್ತದೆ. ಎಕ್ಸ್‌ರೇ ಹಾಗಲ್ಲ, ಸ್ವಿಚ್ ಬಿಟ್ಟ ಕ್ಷಣಕ್ಕೆ ಮುಗಿಯಿತು. ಗೋಡೆ, ಹಾಸಿಗೆ, ಗಾಳಿ ಯಾವುದರಲ್ಲೂ ಉಳಿಯಲ್ಲ. ಕಸ ಗುಡಿಸುವ ಅಕ್ಕನಿಗೆ ಇದನ್ನು ತಾಳ್ಮೆಯಿಂದ ಹೇಳಿ, ಪಾಪ ಆಕೆ ವರ್ಷಗಟ್ಟಲೆ ಸುಮ್ನೆ ಹೆದರಿರುತ್ತಾಳೆ. ಔಷಧ ಒಳಗೆ ಕೊಡುವ ನ್ಯೂಕ್ಲಿಯರ್ ಮೆಡಿಸಿನ್ ಬೇರೆ, ಅಲ್ಲಿನ ನಿಯಮವೇ ಬೇರೆ.

ಬೆಲ್ಲ ತಿಂದ್ರೆ, ಹಾಲು ಕುಡಿದ್ರೆ ರೇಡಿಯೇಷನ್ ಇಳಿಯುತ್ತಾ?

ಮುಧೋಳದ ಬೆಲ್ಲ ತಿನ್ನಿ, ಶೇಂಗಾ ಹೋಳಿಗೆ ಚೆನ್ನಾಗಿರುತ್ತದೆ. ರೇಡಿಯೇಷನ್‌ಗೂ ಅದಕ್ಕೂ ಸಂಬಂಧ ಇಲ್ಲ.

"ಎಕ್ಸ್‌ರೇದವರಿಗೆ ಮಕ್ಕಳಾಗಂಗಿಲ್ಲಂತ" ಅಂತ ಹೆಣ್ಣಿನ ಕಡೆಯವರು ಹಿಂದೇಟು ಹಾಕ್ತಿದ್ದಾರೆ. ನಿಜವಾ?

ಇದಕ್ಕೆ ನಾನು ಎರಡು ಮನೆಗೆ ಖುದ್ದಾಗಿ ಹೋಗಿ ಉತ್ತರ ಕೊಟ್ಟು ಬಂದಿದ್ದೇನೆ. ಗಂಡಸರಲ್ಲಿ ವೀರ್ಯ ತಾತ್ಕಾಲಿಕವಾಗಿ ಕಮ್ಮಿ ಆಗಬೇಕಾದರೂ ಆ ಭಾಗಕ್ಕೆ ಒಂದೇ ಸಲಕ್ಕೆ ಸುಮಾರು 150 ಮಿಲಿಗ್ರೇ (ಎಕ್ಸ್‌ರೇ ಲೆಕ್ಕದಲ್ಲಿ ಒಂದು ಮಿಲಿಗ್ರೇ ಅಂದರೆ ಒಂದು ಮಿಲಿಸೀವರ್ಟ್ ಅಂತ ಹಿಡಿಯಿರಿ) ಬೀಳಬೇಕು. ನಿಯಮ ಪಾಲಿಸುವ ಟೆಕ್ನಿಷಿಯನ್‌ಗೆ ಇಡೀ ವರ್ಷದಲ್ಲಿ ಅದರ ಹತ್ತಿರವೂ ಬರಲ್ಲ. ಹುಡುಗನ ಐದು ವರ್ಷದ ಬ್ಯಾಡ್ಜ್ ರಿಪೋರ್ಟ್ ತೋರಿಸಿದೆ. ಒಂದು ಮದುವೆ ಆಯಿತು, ಇನ್ನೊಂದು ಬೇರೆ ಕಾರಣಕ್ಕೆ ಮುರಿಯಿತು. ಬ್ಯಾಡ್ಜ್ ಸರಿಯಾಗಿ ಹಾಕಲು ಹುಡುಗರಿಗೆ ಇದಕ್ಕಿಂತ ದೊಡ್ಡ ಪ್ರೋತ್ಸಾಹ ನಾನು ಕಂಡಿಲ್ಲ.

ನಾನು ಗರ್ಭಿಣಿ. ಹೇಳಿದ್ರೆ ಕೆಲಸದಿಂದ ತೆಗೀತಾರಾ?

ತೆಗೆಯಬೇಕು ಅಂತ ಯಾವ ನಿಯಮವೂ ಹೇಳಲ್ಲ. ಗೊತ್ತಾದ ಕೂಡಲೇ ಬರೆದು ಕೊಡಿ. ಅಲ್ಲಿಂದ ಹೆರಿಗೆವರೆಗೆ ಹೊಟ್ಟೆಯಲ್ಲಿರುವ ಮಗುವಿಗೆ 1 ಮಿಲಿಸೀವರ್ಟ್ ಮಿತಿ. ಅದಕ್ಕೆ ತಕ್ಕ ಹಾಗೆ ಡ್ಯೂಟಿ ಬದಲಿಸುವುದು ಆಸ್ಪತ್ರೆಯ ಕೆಲಸ. ಓಟಿ, ಪೋರ್ಟಬಲ್ ಬಿಡಿಸಿ ಕನ್ಸೋಲ್, ರಿಪೋರ್ಟಿಂಗ್, ಅಲ್ಟ್ರಾಸೌಂಡ್ ಕಡೆ ಹಾಕಬಹುದು. ಇನ್‌ಚಾರ್ಜ್‌ಗಳಿಗೆ ನನ್ನ ಮಾತು: ಒಬ್ಬಳು ಹೇಳಿದಾಗ ನೀವು ಮುಖ ಸಿಂಡರಿಸಿದರೆ ಮುಂದಿನವಳು ಐದು ತಿಂಗಳವರೆಗೆ ಹೇಳಲ್ಲ. ಮೊದಲ ವಾರಗಳೇ ಮುಖ್ಯವಾದವು.

ರೋಗಿ ಗರ್ಭಿಣಿಯಾ ಅಂತ ಕೇಳೋಕೆ ಮುಜುಗರ. ಬೋರ್ಡ್ ಸಾಕಲ್ವಾ?

ಬೋರ್ಡ್ ಬೇಕು, ಆದರೆ ಓದಲು ಬರುವ ಭಾಷೆಯಲ್ಲಿ. ಬೆಳಗಾವಿಗೆ ಕೊಲ್ಹಾಪುರದ ಕಡೆಯವರೂ, ಗಡಿ ಹಳ್ಳಿಯವರೂ ಬರುತ್ತಾರೆ. ಕನ್ನಡದ ಕೆಳಗೆ ಮರಾಠಿಯೂ ಇರಲಿ. ವಿಜಯಪುರದಲ್ಲಿ ಉರ್ದು ಕೂಡ. ಓದಲು ಬಾರದವರಿಗೆ ಒಂದು ಚಿತ್ರ. ಆದರೂ ಬಾಯಲ್ಲಿ ಕೇಳಿ. ಅತ್ತೆ, ಮೈದುನ ಪಕ್ಕದಲ್ಲಿ ನಿಂತಿರುವಾಗ ಕೇಳಬೇಡಿ. ಒಳಗೆ ಕರೆದು, ಬಾಗಿಲು ಹಾಕಿ, "ತಂಗಿ, ಈ ತಿಂಗಳ ಮುಟ್ಟು ಆಗೇತೇನು?" ಅಂದರೆ ಸಾಕು. ಹುಡುಗರು ಕೇಳಲಾಗದಿದ್ದರೆ ಸಿಸ್ಟರ್ ಕೇಳಲಿ, ಕೇಳಿದ್ದನ್ನು ಫಾರ್ಮ್‌ನಲ್ಲಿ ಬರೆಯಲಿ.

ದಂಡ ಹಾಕಿದ್ರೆ ಸರಿಹೋಗಲ್ವಾ? ಇಲ್ಲ ಬಹುಮಾನ ಕೊಡಬೇಕಾ?

ದಂಡ ಹಾಕಿದರೆ ಇನ್‌ಚಾರ್ಜ್ ಬಂದಾಗ ಏಪ್ರನ್ ಮೈಮೇಲೆ ಬರುತ್ತದೆ, ಹೋದ ಮೇಲೆ ಇಳಿಯುತ್ತದೆ. ಅದಕ್ಕಿಂತ ದೊಡ್ಡ ನಷ್ಟ, ತಪ್ಪು ಆದಾಗ ಯಾರೂ ಹೇಳಲ್ಲ. ಬೇರೆ ರೋಗಿಗೆ ತೆಗೆದದ್ದು, ಬಾಗಿಲು ತೆರೆದಿದ್ದಾಗ ಒತ್ತಿದ್ದು, ಎಲ್ಲ ಡಿಲೀಟ್. ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಹೆಸರು ಬರೆಯಬೇಕಿಲ್ಲ, ಏನಾಯಿತು ಅಂತ ಮಾತ್ರ. ಮೊದಲ ಮೂರು ಪುಟ ನನ್ನದೇ ತಪ್ಪುಗಳು, ನನ್ನ ಹೆಸರು ಹಾಕಿಯೇ ಬರೆದೆ. ನಾಲ್ಕನೇ ಪುಟದಿಂದ ಬೇರೆಯವರ ಕೈಬರಹ ಶುರುವಾಯಿತು.

ಬಹುಮಾನದ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಬ್ಯಾಡ್ಜ್ ಸೊನ್ನೆ ಬಂದವರಿಗೆ ಬಹುಮಾನ ಅಂದರೆ ಬ್ಯಾಡ್ಜ್ ಡ್ರಾಯರ್ ಸೇರುತ್ತದೆ. ಕೆಲಸ ಮಾಡುವುದು ಸಣ್ಣ ಸಂಗತಿಗಳು. ಡೋಸ್ ಚೀಟಿ ಬಂದಾಗ ಫೈಲಿಗೆ ಸೇರಿಸಿ ಮುಗಿಸದೆ ಪ್ರತಿಯೊಬ್ಬರಿಗೂ ತೋರಿಸಿ ಸಹಿ ಹಾಕಿಸುವುದು. ವಾರಕ್ಕೆ ಎಷ್ಟು ಎಕ್ಸ್‌ರೇ ಎರಡೆರಡು ಸಲ ತೆಗೆದೆವು, ಯಾಕೆ ಅಂತ ಸೋಮವಾರ ಹತ್ತು ನಿಮಿಷ ಕೂತು ನೋಡುವುದು. ರೇಡಿಯಾಲಜಿ ಮುಖ್ಯಸ್ಥರೇ ಮೊದಲು ಏಪ್ರನ್ ಹಾಕುವುದು, ಇದಂತೂ ನೂರು ಪೋಸ್ಟರ್‌ಗೆ ಸಮ. ಒಬ್ಬನಿಗೇ ಒಂದು ಶಿಫ್ಟ್‌ನಲ್ಲಿ ಮೂವರ ಕೆಲಸ ಹಾಕಿ ನಿಯಮ ಪಾಲಿಸು ಅಂದರೆ ಅವನು ಯಾವುದನ್ನು ಬಿಡುತ್ತಾನೆ ಹೇಳಿ? ಈ ಪ್ರಶ್ನೆಯನ್ನು ಆಡಳಿತದವರಿಗೂ ಕೇಳಿ. ನಾನು ಕೇಳಿದ್ದೇನೆ, ಒಂದು ಪೋಸ್ಟ್ ಹೆಚ್ಚಿಗೆ ಸಿಕ್ಕಿತು. ಕೇಳಿದ್ದು ಎರಡು.

ಅಲ್ಟ್ರಾಸೌಂಡ್, ಎಂಆರ್‌ಐನವರಿಗೂ ಬ್ಯಾಡ್ಜ್ ಬೇಕಾ?

ಬೇಡ. ಅವುಗಳಲ್ಲಿ ಎಕ್ಸ್‌ರೇ ಇಲ್ಲ. ಎಂಆರ್‌ಐಗೆ ಅಯಸ್ಕಾಂತದ ಅಪಾಯ ಬೇರೆಯೇ ಇದೆ.

ಕಾಗದಪತ್ರ ಏನೇನು ಇರಬೇಕು?

ಎಇಆರ್‌ಬಿಯ ಇ-ಲೋರಾ ಪೋರ್ಟಲ್‌ನಲ್ಲಿ ಮಷಿನ್ ನೋಂದಣಿ ಮತ್ತು ಲೈಸೆನ್ಸ್, ಎರಡು ವರ್ಷಕ್ಕೊಮ್ಮೆ ಗುಣಮಟ್ಟ ಪರೀಕ್ಷೆಯ ವರದಿ, ಡೋಸ್ ದಾಖಲೆ, ಮೂರು ವರ್ಷಕ್ಕೊಮ್ಮೆಯಾದರೂ ಸಿಬ್ಬಂದಿಯ ವೈದ್ಯಕೀಯ ತಪಾಸಣೆ. ಇವಕ್ಕೆಲ್ಲ ಆಧಾರ 2004ರ ರೇಡಿಯೇಷನ್ ರಕ್ಷಣೆ ನಿಯಮಗಳು. ಮಷಿನ್ ಒಂದು ರೂಮಿನಿಂದ ಇನ್ನೊಂದಕ್ಕೆ ಬದಲಿಸಿದರೆ ಮತ್ತೆ ಅನುಮತಿ ಬೇಕು. ಇದನ್ನು ಮರೆಯುವವರೇ ಜಾಸ್ತಿ.

ಬಾಗಿಲ ಮೇಲಿನ ಕೆಂಪು ದೀಪ ಸುಟ್ಟು ಹೋಗಿದೆ. ಹೇಳಿ ಹದಿನೈದು ದಿನ ಆಯ್ತು.

ಯಾರಿಗೆ ಹೇಳಿದಿರಿ, ಯಾವತ್ತು ಹೇಳಿದಿರಿ ಅಂತ ಬರೆದು ಆರ್‌ಎಸ್‌ಒಗೆ ಕೊಡಿ. ಬಾಯಲ್ಲಿ ಹೇಳಿದ್ದು ಎಲೆಕ್ಟ್ರಿಷಿಯನ್ ಕಿವಿಯಲ್ಲಿ ಉಳಿಯಲ್ಲ. ಅಲ್ಲಿವರೆಗೆ ಪ್ರತಿ ಎಕ್ಸ್‌ಪೋಜರ್‌ಗೆ ಮುಂಚೆ ಒಳಗಿಂದ ಚಿಲಕ ಹಾಕಿ. ನಾವು ಡ್ರಾಯರ್‌ನಲ್ಲಿ ಎರಡು ಕೆಂಪು ಬಲ್ಬ್ ಇಟ್ಟುಕೊಂಡಿದ್ದೇವೆ, ಬ್ಯಾಡ್ಜ್ ಇರಬಾರದ ಅದೇ ಡ್ರಾಯರ್‌ನಲ್ಲಿ.